ಹತ್ತು ತಲೆಯ ಲೆಕ್ಕ

ಸೂಪರ್ ಮಾರ್ಕೆಟಿನಿಂದ ಕಪನೂರಿಗೆ ಟಂಟಂ,
ತಲೆಗೆ ಇಪ್ಪತ್ತು ರೂಪಾಯಿ.
ಮೊದಲು ಹತ್ತಿದವಳಿಗೂ ಇಪ್ಪತ್ತೇ,
ಒಂದು ಕಾಲು ಹೊರಗಿಟ್ಟು ಕೊನೆಗೆ ತೂರಿಕೊಂಡವನಿಗೂ ಇಪ್ಪತ್ತೇ.
ಆದರೆ ಮೊದಲು ಹತ್ತಿದವಳು
ಏಪ್ರಿಲ್ ಬಿಸಿಲಿಗೆ ಕಾದ ರೆಕ್ಸಿನ್ ಮೇಲೆ
ಸೆರಗು ಮಡಚಿ ಹಾಕಿ ಕುಳಿತು
ಇಪ್ಪತ್ತೆರಡು ನಿಮಿಷವನ್ನೂ ಕೊಟ್ಟಿರುತ್ತಾಳೆ.
ಆ ನಿಮಿಷಗಳು ಯಾರ ಜೇಬಿಗೆ ಹೋದವು?

ಇದು ನನ್ನ ಸಂಶೋಧನೆ.
ನಗಬೇಡಿ. ಎರಡು ವರ್ಷ, ನಾಲ್ಕು ನೋಟ್‌ಬುಕ್ಕು,
ಸಾವಿರದ ನೂರಾ ಆರು ಟ್ರಿಪ್ಪು.
ಬಾಳೆಹಣ್ಣಿನ ಬಂಡಿಯ ನೆರಳಿಗೆ ನಿಂತು ಬರೆದೆ:
ಎಷ್ಟು ಹೊತ್ತಿಗೆ ನಿಂತಿತು, ಎಷ್ಟಕ್ಕೆ ಹೊರಟಿತು,
ಎಂಟು ಮಂದಿಗೇ ಬಿಟ್ಟನೋ, ಹತ್ತಾಗಲೆಂದು ಕಾದನೋ.
ಡ್ರೈವರ್ ಮಶಾಕ ನನ್ನನ್ನು ಆರ್‌ಟಿಒ ಕಡೆಯವಳೆಂದು ತಿಳಿದು
ಮೊದಲ ತಿಂಗಳು ಪುಕ್ಕಟೆ ಕೂರಿಸಿದ.
ಅದನ್ನೂ ಬರೆದುಕೊಂಡೆ.

ತರಗತಿಯಲ್ಲಿ ಗೆರೆ ಎಳೆಯುತ್ತೇನೆ:
ಅಡ್ಡಕ್ಕೆ ಕಾಯುವ ಹೊತ್ತು, ಉದ್ದಕ್ಕೆ ತುಂಬಿದ ಸೀಟು.
ಇನ್ನೊಬ್ಬನಿಗೆ ಕಾದರೆ ಬರುವುದು ಇಪ್ಪತ್ತು;
ಕಾದು ಬೇಸತ್ತು ಇಳಿದುಹೋಗುವವರು ಎಷ್ಟು?
ಸೀಮಾಂತ ಎಂದರೆ ಇಷ್ಟೇ,
ಪೂರ್ತಿ ಬದುಕಿನ ಲೆಕ್ಕ ಅಲ್ಲ,
ಮುಂದಿನ ಒಬ್ಬನ ಲೆಕ್ಕ.

ಒಂದೇ ಒಂದು ವಿಷಯ ಬಗೆಹರಿಯುತ್ತಿರಲಿಲ್ಲ.
ಖಾಲಿ ಗಾಡಿಗೆ ಮೊದಲ ಮೂವರು ಬರುವುದೇ ಕಷ್ಟ,
ಅವರು ಕುಳಿತರೆಂದರೆ ಉಳಿದದ್ದು ಪಟಪಟ.
ಮಶಾಕನ ಗಾಡಿ ಮಾತ್ರ ಎಂದೂ ಖಾಲಿ ನಿಂತದ್ದಿಲ್ಲ.
ನಸೀಬು ಎಂದ ಅವನು.
ಚಾಲಕನ ಕೌಶಲ ಎಂದು ನಾನು ಬರೆದೆ.
ಬೋರ್ಡಿನ ಮೇಲೂ ಬರೆದೆ.

ಆಗ ಎದ್ದು ನಿಂತವನು ಕೊನೆಯ ಬೆಂಚಿನ ಸಾಯಿಬಣ್ಣ,
ಹಾಜರಿ ನೂರಕ್ಕೆ ಮೂವತ್ತೊಂದು.
"ಮೇಡಂ, ಅಂವ ನಾನೇರಿ."
ಯಾರು?
"ಮಶಾಕ ಅಣ್ಣನ ಗಾಡ್ಯಾಗ ಮೊದಲ ಕುಂದ್ರಾಂವ.
ಖಾಲಿ ಗಾಡಿಗಿ ಯಾರ್ ಹತ್ತತಾರ್ರಿ?
ಒಬ್ಬ ಕುಂತಿದ್ರ ಇನ್ನೊಬ್ಬ ಬರ್ತಾನ.
ತುಂಬಿದ ಮ್ಯಾಲ ಹಿಂದಿಂದ ಇಳದ್ ಬಿಡ್ತೀನ್ರಿ.
ಟ್ರಿಪ್ಪಿಗಿ ಐದು ರೂಪಾಯಿ, ಮ್ಯಾಲೊಂದು ಚಾ."

ತರಗತಿ ನಕ್ಕಿತು.
ನಾನು ಮನಸ್ಸಿನಲ್ಲೇ ನೋಟ್‌ಬುಕ್ಕು ತಿರುವುತ್ತಿದ್ದೆ.
ಮುಖ ನೋಡಿರಲಿಲ್ಲ, ತಲೆ ಎಣಿಸಿದ್ದೆ.
ಬೆಳಿಗ್ಗೆ ಪುಸ್ತಕದಲ್ಲಿ ಗೈರು ಎಂದು ಬರೆದವನನ್ನೇ
ಸಂಜೆ ಪ್ರಯಾಣಿಕ ಎಂದು ಬರೆದಿದ್ದೆ.

ಮತ್ತೆ ಇಲ್ಲಿ ಯಾಕೆ ಸೇರಿದೆ?
ಕೇಳಬಾರದಿತ್ತು.
"ನೀವೇ ಅಂದಿದ್ರಲ್ರಿ.
ಹದಿನೈದು ಹೆಸರು ಆಗಲಿಲ್ಲಂದ್ರ ಅರ್ಥಶಾಸ್ತ್ರ ಬಂದ್ ಮಾಡ್ತಾರ,
ಸುಮ್ನ ಒಂದು ಅರ್ಜಿ ಹಾಕು ಅಂತ."

ಹೌದು. ಜೂನಿನ ಕೊನೆಯ ವಾರ
ಪಟ್ಟಿ ಹದಿನಾಲ್ಕಕ್ಕೆ ನಿಂತಿತ್ತು.
ಅತಿಥಿ ಉಪನ್ಯಾಸಕಿ ನಾನು, ತರಗತಿ ನಡೆದರೆ ಸಂಬಳ.
ಆಫೀಸಿನ ಕಿಟಕಿಯ ಹತ್ತಿರ ಕೈಹಿಡಿದು ನಿಲ್ಲಿಸಿದ ಹುಡುಗ
ಯಾರೆಂದು ಆಮೇಲೆ ನೆನಪಿಟ್ಟುಕೊಳ್ಳಲಿಲ್ಲ.
ಮುಂದಿನ ಒಬ್ಬ, ಅಷ್ಟೇ.
ಮಶಾಕನಾದರೂ ಐದು ರೂಪಾಯಿ ಕೊಡುತ್ತಾನೆ.
ನಾನು ಚಾ ಕೂಡ ಕುಡಿಸಿರಲಿಲ್ಲ.

ಈಗ ಲೆಕ್ಕ ಮತ್ತೆ ಮೊದಲಿನಿಂದ.
ಶನಿವಾರ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ
ಎರಡು ಕಪ್ಪು ಚಾ, ನಾಲ್ಕು ನೋಟ್‌ಬುಕ್ಕು,
ಸಾಯಿಬಣ್ಣ ಬೆರಳಿಟ್ಟು ಹೇಳುತ್ತಾನೆ:
"ಇದ್ರಾಗ ಇದ್ದೆ. ಇದ್ರಾಗ ಇದ್ದಿಲ್ಲ.
ಇದು ಶುಕ್ರವಾರ, ಅಣ್ಣ ನಮಾಜಿಗಿ ಹೋಗಿದ್ದ.
ಇದು ಬರೋಬ್ಬರಿ ಗೊತ್ತಿಲ್ರಿ, ಗೊತ್ತಿಲ್ಲ ಅಂತ ಬರೀರಿ."
ನನ್ನ ಹದಿನಾರು ವರ್ಷದ ಪಾಠದಲ್ಲಿ
ಗೊತ್ತಿಲ್ಲ ಅಂತ ಬರೀರಿ ಎಂದವರು ಬೇರೆ ಯಾರೂ ಇಲ್ಲ.

ಮೂರನೆಯ ಕೋಷ್ಟಕದ ಕೆಳಗೆ ಸಣ್ಣ ಅಕ್ಷರದಲ್ಲಿ ಸೇರಿಸಿದೆ:
ಪ್ರಯಾಣಿಕರಲ್ಲಿ ಕೆಲವರು ಎಲ್ಲಿಗೂ ಹೋಗುವುದಿಲ್ಲ.
ಗೈಡ್ ಅದರ ಕೆಳಗೆ ಕೆಂಪು ಗೆರೆ ಎಳೆದು
ಪಕ್ಕದಲ್ಲಿ ಬರೆದಿದ್ದಾರೆ,
ಸ್ಪಷ್ಟಪಡಿಸಿ.